ಕನ್ನಡ ಬರಹದೊಳಗೆ ಪ್ರಾಚೀನ ಹೀಬ್ರೂ ಮತ್ತು ಗ್ರೀಕ್: ಉಚಿತ ಫಾಂಟುಗಳನ್ನು ಆರಿಸುವ, ಬಳಸುವ ಬಗೆ

ಕನ್ನಡದಲ್ಲಿ ಬರೆಯುವವರಿಗೂ ಪ್ರಾಚೀನ ಹೀಬ್ರೂ ಮತ್ತು ಗ್ರೀಕ್ ಅಕ್ಷರಗಳು ಬೇಕಾಗುವ ಸಂದರ್ಭಗಳು ಕಡಿಮೆಯೇನಲ್ಲ. ಬೈಬಲ್ಲಿನ ಮೂಲಪಾಠವನ್ನು ಓದುವ ದೇವಶಾಸ್ತ್ರದ ವಿದ್ಯಾರ್ಥಿಗಳು, ಪಾದ್ರಿಗಳು ಮತ್ತು ಅನುವಾದಕರು ಮೊದಲು ನೆನಪಿಗೆ ಬರುತ್ತಾರೆ, ಆದರೆ ಈ ಅಗತ್ಯ ಅವರಿಗೆ ಮಾತ್ರ ಸೀಮಿತವಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ 413ನೆಯ ಸಂಖ್ಯೆಯ ಪಪೈರಸ್ಸಿನ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿರಬಹುದೆಂದು ಹುಲ್ಟ್ಷ್ 1904ರಲ್ಲಿ ಸೂಚಿಸಿದ ಮೇಲೆ, ಗೋವಿಂದ ಪೈಗಳಂಥ ವಿದ್ವಾಂಸರು ಕೈಗೆತ್ತಿಕೊಂಡ ಆ ಚರ್ಚೆ ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಕಂದಹಾರಿನಲ್ಲಿ 1958ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿದೆ. ಮಸ್ಕಿ, ಬ್ರಹ್ಮಗಿರಿಗಳ ಶಾಸನಗಳ ಜೊತೆಗಿಟ್ಟು ಅದನ್ನು ವಿವೇಚಿಸುವವರಿಗೆ ಮೂಲದ ಅಕ್ಷರಗಳು ಬೇಕೇ ಬೇಕು. ಇಂಥ ಕಡೆಗಳಲ್ಲಿ ಮೂಲಪದವನ್ನು ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಸಾಗುವುದು ರೂಢಿಯಾಗಿದೆ. ಹಾಗೆ ಮಾಡಿದಾಗ ಹೀಬ್ರೂವಿನ ತೇತ್ ಮತ್ತು ತಾವ್, ಕಾಫ್ ಮತ್ತು ಕೋಫ್, ಆಲೆಫ್ ಮತ್ತು ಅಯಿನ್ ಅಕ್ಷರಗಳ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ, ಮತ್ತು ಓದುಗನು ನಿಘಂಟಿನಲ್ಲಿ ಆ ಪದವನ್ನು ಹುಡುಕಿ ನೋಡುವ ದಾರಿಯೇ ಮುಚ್ಚುತ್ತದೆ.

ಈ ತೊಡಕನ್ನು ಕಳೆಯಲು ಇಂದು ಹಣ ಖರ್ಚು ಮಾಡಬೇಕಾಗಿಲ್ಲ. ಒಳ್ಳೆಯ ಫಾಂಟುಗಳು, ಕೀಲಿಮಣೆ ವಿನ್ಯಾಸಗಳು, ಬರೆಯುವ ತಂತ್ರಾಂಶಗಳು ಎಲ್ಲವೂ ಉಚಿತವಾಗಿ ಸಿಗುತ್ತವೆ. ಫಾಂಟ್ ಇಳಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲವೆಂಬುದನ್ನು ಮಾತ್ರ ಆರಂಭದಲ್ಲೇ ತಿಳಿದಿರಬೇಕು. ಸಂಕೇತೀಕರಣ, ಫಾಂಟ್, ಕೀಲಿಮಣೆ, ತಂತ್ರಾಂಶದ ಹೊಂದಾಣಿಕೆ ಎಂಬ ನಾಲ್ಕೂ ಕೂಡಿದಾಗಲೇ ಪಠ್ಯ ಸರಿಯಾಗಿ ಮೂಡುತ್ತದೆ. ಕನ್ನಡದ ದಸ್ತಾವೇಜಿನಲ್ಲಿ ನಾಲ್ಕನೆಯದೇ ಹೆಚ್ಚು ಕಾಡುವುದರಿಂದ ಅದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಳೆಯ ಫಾಂಟುಗಳನ್ನು ಮೊದಲು ಬದಿಗಿಡಿ

ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿ ಕಡತಗಳನ್ನು ಆಯಾ ಫಾಂಟ್ ಇಲ್ಲದ ಗಣಕದಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಹೀಬ್ರೂ ಮತ್ತು ಗ್ರೀಕ್ ವಿದ್ವಾಂಸರೂ 1980ರ, 1990ರ ದಶಕಗಳಲ್ಲಿ ಇದೇ ಸ್ಥಿತಿಯಲ್ಲಿದ್ದರು. ರೋಮನ್ ಅಕ್ಷರಗಳ ಸ್ಥಾನದಲ್ಲಿ ಗ್ರೀಕ್ ಅಥವಾ ಹೀಬ್ರೂ ಆಕಾರಗಳನ್ನು ಕೂರಿಸಿದ ಎಸ್‌ಪಿ ಅಯಾನಿಕ್, ಎಸ್‌ಪಿ ಟೈಬೀರಿಯನ್, ಬೈಬಲ್‌ವರ್ಕ್ಸ್‌ನ ಫಾಂಟುಗಳು ಮುಂತಾದವು ಆ ಕಾಲದವು. ಅವುಗಳಲ್ಲಿ ಬರೆದದ್ದು ಕಣ್ಣಿಗೆ ಗ್ರೀಕ್ ಆಗಿ ಕಂಡರೂ ಗಣಕದ ಪಾಲಿಗೆ ಇಂಗ್ಲಿಷ್ ಅಕ್ಷರಗಳ ಸಾಲಷ್ಟೇ ಆಗಿರುತ್ತದೆ. ಹೀಬ್ರೂವಿನಲ್ಲಂತೂ ಬಲದಿಂದ ಎಡಕ್ಕೆ ಸರಿಯಾಗಿ ಕಾಣುವಂತೆ ಪದವನ್ನು ತಿರುವುಮುರುವಾಗಿ ಬೆರಳಚ್ಚಿಸುತ್ತಿದ್ದರು. ಆದ್ದರಿಂದ ಅಂಥ ಕಡತವನ್ನು ಇಂದು ಪರಿವರ್ತಿಸುವಾಗ ಅಕ್ಷರಗಳನ್ನು ಬದಲಿಸುವುದರ ಜೊತೆಗೆ ಅವುಗಳ ಕ್ರಮವನ್ನೂ ತಿರುಗಿಸಬೇಕಾಗುತ್ತದೆ.

ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವನ್ನು ಗೊತ್ತುಪಡಿಸುವ ಯುನಿಕೋಡ್ ಪದ್ಧತಿ ಈ ಗೊಂದಲವನ್ನು ಕಳೆದಿದೆ. ಕನ್ನಡದಂತೆಯೇ ಹೀಬ್ರೂ ಮತ್ತು ಗ್ರೀಕ್ ಕೂಡ 1991ರ ಮೊದಲ ಆವೃತ್ತಿಯಿಂದಲೂ ಅದರಲ್ಲಿವೆ. ಪ್ರಾಚೀನ ಗ್ರೀಕಿಗೆ ಬೇಕಾದ ಬಹುಸ್ವರಚಿಹ್ನೆಯ ಅಕ್ಷರಗಳು 1993ರಲ್ಲಿ ಸೇರಿದವು. ಹೀಬ್ರೂ ಬೈಬಲ್ಲನ್ನು ರಾಗವಾಗಿ ಓದುವ ಬಗೆಯನ್ನು ಸೂಚಿಸುವ ಪಠಣ ಚಿಹ್ನೆಗಳು 1996ರ ಎರಡನೆಯ ಆವೃತ್ತಿಯಲ್ಲಿ ಬಂದವು. ಹೀಗಿರುವಾಗ ಇಂದು ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಒಂದು ಸಾಲನ್ನೂ ಹೊಸದಾಗಿ ಬರೆಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಎಸ್‌ಐಎಲ್ ಎಂಬ ಭಾಷಾಸಂಶೋಧನಾ ಸಂಸ್ಥೆಯ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನ ಹೆಸರು "ಎಸ್‌ಐಎಲ್ ಎಜ್ರಾ". ಹೊಸ ಯುನಿಕೋಡ್ ಫಾಂಟಿನ ಹೆಸರು "ಎಜ್ರಾ ಎಸ್‌ಐಎಲ್". ಗ್ರೀಕಿನಲ್ಲಿಯೂ ಹಳೆಯದು "ಎಸ್‌ಐಎಲ್ ಗಲೇಷಿಯಾ", ಹೊಸದು "ಗಲೇಷಿಯಾ ಎಸ್‌ಐಎಲ್". ಸಂಸ್ಥೆಯ ಹೆಸರು ಕೊನೆಯಲ್ಲಿದ್ದರೆ ಹೊಸದು, ಮೊದಲಿಗಿದ್ದರೆ ಹಳೆಯದು ಎಂದು ನೆನಪಿಟ್ಟುಕೊಳ್ಳಬಹುದು. ಕೈಗೆ ಸಿಕ್ಕ ಯಾವುದೇ ಫಾಂಟನ್ನು ಪರೀಕ್ಷಿಸುವ ಸರಳ ಉಪಾಯವೂ ಇದೆ. ಆ ಫಾಂಟಿನಲ್ಲಿರುವ ಪಠ್ಯವನ್ನು ಆಯ್ದು ಟೈಮ್ಸ್ ನ್ಯೂ ರೋಮನ್‌ಗೆ ಬದಲಾಯಿಸಿ ನೋಡಿ. ಅಕ್ಷರಗಳು ಗ್ರೀಕ್ ಅಥವಾ ಹೀಬ್ರೂವಾಗಿಯೇ ಉಳಿದರೆ ಅದು ಯುನಿಕೋಡ್. ಇಂಗ್ಲಿಷಿಗೆ ತಿರುಗಿದರೆ ಆ ಫಾಂಟನ್ನು ಬಿಟ್ಟುಬಿಡಿ.

ಹೀಬ್ರೂ ಫಾಂಟಿನ ಆಯ್ಕೆ

ಹೀಬ್ರೂವಿನ ಮೂಲಾಕ್ಷರಗಳು 22. ಅವುಗಳಲ್ಲಿ ಐದಕ್ಕೆ ಪದದ ಕೊನೆಯಲ್ಲಿ ಬೇರೆ ರೂಪವಿದೆ. ಇಷ್ಟು ಮಾತ್ರ ಬೇಕಾಗಿದ್ದರೆ ಗಣಕದಲ್ಲಿ ಮೊದಲೇ ಇರುವ ಏರಿಯಲ್ ಫಾಂಟೂ ಸಾಕು. ಆದರೆ ಬೈಬಲ್ಲಿನ ಪಠ್ಯದಲ್ಲಿ ವ್ಯಂಜನದ ಒಳಗೆ ಚುಕ್ಕೆ, ಕೆಳಗೆ ಅಥವಾ ಮೇಲೆ ಸ್ವರಚಿಹ್ನೆ, ಇವುಗಳ ಜೊತೆಗೆ ಒಂದೋ ಎರಡೋ ಪಠಣ ಚಿಹ್ನೆಗಳು ಒಟ್ಟಿಗೆ ಸೇರುತ್ತವೆ. ಒಂದೇ ಅಕ್ಷರದ ಸುತ್ತ ಇವೆಲ್ಲ ಒಂದನ್ನೊಂದು ತುಳಿಯದೆ ಕೂರಬೇಕಾದರೆ, ಯಾವ ಚಿಹ್ನೆ ಯಾವ ಅಕ್ಷರಕ್ಕೆ ಎಷ್ಟು ಸರಿಯಬೇಕೆಂಬ ನಿಯಮಗಳು ಫಾಂಟಿನೊಳಗೇ ಇರಬೇಕು. ಆಧುನಿಕ ಹೀಬ್ರೂಗೆಂದು ಮಾಡಿದ ಹಲವು ಸುಂದರ ಫಾಂಟುಗಳಲ್ಲಿ ಪಠಣ ಚಿಹ್ನೆಗಳೇ ಇರುವುದಿಲ್ಲ, ಆದ್ದರಿಂದ ಆಯ್ಕೆ ಮಾಡುವಾಗ ಅಕ್ಷರದ ಚೆಲುವಿಗಿಂತ ಚಿಹ್ನೆಗಳ ಜೋಡಣೆಯನ್ನು ಮೊದಲು ನೋಡಬೇಕು.

ಈ ಪರೀಕ್ಷೆಯಲ್ಲಿ ಮುಂದೆ ನಿಲ್ಲುವುದು ಎಸ್‌ಬಿಎಲ್ ಹೀಬ್ರೂ. ಅಮೆರಿಕದ ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್ ಸಂಸ್ಥೆಗಾಗಿ ಟಿರೊ ಟೈಪ್‌ವರ್ಕ್ಸ್‌ನ ಜಾನ್ ಹಡ್ಸನ್ ಇದನ್ನು ರೂಪಿಸಿದರು. ಇದರ ಜೊತೆಗೆ ಸಿಗುವ ಕೈಪಿಡಿ ಬಹಳ ಉಪಯುಕ್ತ. ಯಾವ ಚಿಹ್ನೆಯನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬುದನ್ನು ಅದು ಬಿಡಿಸಿ ಹೇಳುತ್ತದೆ. ಎಜ್ರಾ ಎಸ್‌ಐಎಲ್ ಫಾಂಟಿನ ಅಕ್ಷರಗಳು ಷ್ಟುಟ್‌ಗಾರ್ಟ್‌ನಲ್ಲಿ ಅಚ್ಚಾದ ಹೀಬ್ರೂ ಬೈಬಲ್ಲಿನ ವಿದ್ವತ್ ಆವೃತ್ತಿಯ ಅಚ್ಚಿನ ಮೊಳೆಗಳನ್ನು ಹೋಲುತ್ತವೆ; ಆ ಆವೃತ್ತಿಯನ್ನು ಓದಿ ಕಣ್ಣು ಪಳಗಿದವರಿಗೆ ಇದು ಹೆಚ್ಚು ಹತ್ತಿರವೆನಿಸುತ್ತದೆ. ಇಸ್ರೇಲಿನ ಕುಲ್ಮುಸ್ ಯೋಜನೆಯ ಟಾಮೇ ಫ್ರಾಂಕ್ ಕೂಡ ಪಠಣ ಚಿಹ್ನೆಗಳಿಗಾಗಿಯೇ ಸಿದ್ಧಗೊಂಡದ್ದು ಮತ್ತು ಲಿನಕ್ಸ್ ಬಳಸುವವರಿಗೆ ಸುಲಭವಾಗಿ ಸಿಗುತ್ತದೆ. ಡೇವಿಡ್ ಪೆರ್ರಿ ರೂಪಿಸಿದ ಕಾರ್ಡೊ ಫಾಂಟಿನಲ್ಲಿ ರೋಮನ್, ಗ್ರೀಕ್, ಹೀಬ್ರೂ ಮೂರೂ ಇರುವುದರಿಂದ, ಮೂರೂ ಲಿಪಿಗಳು ಬೆರೆಯುವ ಅಡಿಟಿಪ್ಪಣಿಗಳಿಗೆ ಅದು ಅನುಕೂಲಕರ.

ಆಯ್ಕೆಗೆ ಮೊದಲು ಮೂರು ಪದಗಳನ್ನು ಬರೆದು ನೋಡಿ. ಆದಿಕಾಂಡದ ಮೊದಲ ಪದ "ಬೆರೇಷೀತ್"ನಲ್ಲಿ ಬೇತ್ ಅಕ್ಷರದ ಒಳಚುಕ್ಕೆ, ಅದರ ಕೆಳಗಿನ ಶೆವಾ ಎಂಬ ಸ್ವರಚಿಹ್ನೆ, ಶಿನ್ ಅಕ್ಷರದ ಬಲಚುಕ್ಕೆ ಎಲ್ಲವೂ ಬರುತ್ತವೆ. ಯೆರೂಸಲೇಮಿನ ಹೆಸರು ಬೈಬಲ್ಲಿನಲ್ಲಿ ಸಾಮಾನ್ಯವಾಗಿ ಬರುವ ರೂಪದಲ್ಲಿ ಲಾಮೆದ್ ಅಕ್ಷರದ ಕೆಳಗೆ ಎರಡು ಸ್ವರಚಿಹ್ನೆಗಳು ಪಕ್ಕಪಕ್ಕದಲ್ಲಿ ಕೂರಬೇಕು. ಆಜ್ಞೆಗಳು ಎಂಬರ್ಥದ "ಮಿತ್ಸ್ವೋತ್" ಪದದಲ್ಲಿ ವಾವ್ ಅಕ್ಷರವು ವ್ಯಂಜನವಾಗಿಯೇ ಉಳಿದು, ಅದರ ಮೇಲಿನ ಚುಕ್ಕೆಯು ಸ್ವರವನ್ನು ಸೂಚಿಸಬೇಕು. ದೀರ್ಘ ಓಕಾರವನ್ನು ಸೂಚಿಸುವ ವಾವ್‌ಗಿಂತ ಅದು ಬೇರೆಯಾಗಿ ಕಾಣಬೇಕು. ಈ ಮೂರನ್ನೂ ನಿಭಾಯಿಸಿದ ಫಾಂಟು ಬಹುಮಟ್ಟಿಗೆ ಉಳಿದದ್ದನ್ನೂ ನಿಭಾಯಿಸುತ್ತದೆ. ಇನ್ನೂ ಕಠಿಣವಾದ ಪರೀಕ್ಷೆ ಬೇಕಿದ್ದವರು ವಿಮೋಚನಕಾಂಡದ 20ನೆಯ ಅಧ್ಯಾಯದ ದಶಾಜ್ಞೆಗಳನ್ನು ಆರಿಸಿಕೊಳ್ಳಬಹುದು, ಏಕೆಂದರೆ ಅಲ್ಲಿ ಎರಡು ಪಠಣ ಪದ್ಧತಿಗಳ ಚಿಹ್ನೆಗಳು ಒಂದೇ ಪಠ್ಯದ ಮೇಲೆ ಒಟ್ಟಿಗೆ ಬರುತ್ತವೆ.

ಎಸ್‌ಬಿಎಲ್ ಹೀಬ್ರೂ ಮತ್ತು ಎಜ್ರಾ ಎಸ್‌ಐಎಲ್ ಎರಡಕ್ಕೂ ದಪ್ಪ ಅಥವಾ ಓರೆ ರೂಪಗಳಿಲ್ಲ. ಬೋಲ್ಡ್ ಗುಂಡಿ ಒತ್ತಿದರೆ ತಂತ್ರಾಂಶವೇ ಕೃತಕವಾಗಿ ಅಕ್ಷರವನ್ನು ಊದಿಸುತ್ತದೆ, ಆಗ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒತ್ತು ಕೊಡಬೇಕಾದ ಕಡೆ ಬಣ್ಣವನ್ನೋ ತುಸು ದೊಡ್ಡ ಗಾತ್ರವನ್ನೋ ಬಳಸುವುದು ಮೇಲು.

ಬೈಬಲ್ಲಿನ ಚೌಕಾಕ್ಷರಕ್ಕೂ ಹಿಂದಿನ, ಯೆರೂಸಲೇಮಿನ ಸಿಲೋವಾಂ ಶಾಸನದಂಥವುಗಳಲ್ಲಿ ಕಾಣುವ ಪ್ರಾಚೀನ ಹೀಬ್ರೂ ಲಿಪಿಯೇ ಬೇಕೆಂದಾದರೆ ಅದಕ್ಕೆ ಯುನಿಕೋಡ್‌ನಲ್ಲಿ 2006ರಲ್ಲಿ ಸೇರಿದ ಫಿನೀಷಿಯನ್ ವಿಭಾಗವನ್ನು ಬಳಸುತ್ತಾರೆ. ನೋಟೊ ಸ್ಯಾನ್ಸ್ ಫಿನೀಷಿಯನ್ ಅದಕ್ಕೆ ತಕ್ಕ ಉಚಿತ ಫಾಂಟು. ಅಶೋಕನ ಕಾಲದ ಅರಮಾಯಿಕ್ ಲಿಪಿಗೆ ನೋಟೊ ಸ್ಯಾನ್ಸ್ ಇಂಪೀರಿಯಲ್ ಅರಮಾಯಿಕ್ ಇದೆ. ಆದರೆ ವಿದ್ವಾಂಸರು ಇಂಥ ಶಾಸನಗಳ ಪಾಠವನ್ನು ಸಾಮಾನ್ಯವಾಗಿ ಚೌಕಾಕ್ಷರದಲ್ಲಿಯೇ ಕೊಡುತ್ತಾರೆ. ಲಿಪಿಯ ಆಕಾರವೇ ಚರ್ಚೆಯ ವಿಷಯವಾದಾಗ ಮಾತ್ರ ಈ ಫಾಂಟುಗಳತ್ತ ಹೋಗಿ.

ಗ್ರೀಕ್ ಫಾಂಟಿನ ಆಯ್ಕೆ

ಗ್ರೀಕ್ ಬರೆಯುವುದು ಹೀಬ್ರೂವಿಗಿಂತ ಸುಲಭ. ಅದು ಎಡದಿಂದ ಬಲಕ್ಕೆ ಹೋಗುತ್ತದೆ. ಚಿಹ್ನೆಗಳೊಡನೆ ಕೂಡಿದ ಅಕ್ಷರಗಳು ಯುನಿಕೋಡ್‌ನಲ್ಲಿ ಇಡಿಯಾಗಿಯೇ ಇವೆ. ಗ್ರೀಸ್ ದೇಶವು 1982ರಲ್ಲಿ ಒಂದೇ ಸ್ವರಚಿಹ್ನೆಯ ಸರಳ ಪದ್ಧತಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದರಿಂದ, ಆಧುನಿಕ ಗ್ರೀಕಿಗೆಂದು ಮಾಡಿದ ಫಾಂಟುಗಳಲ್ಲಿ ಪ್ರಾಚೀನ ಪಠ್ಯಕ್ಕೆ ಬೇಕಾದ ಉಸಿರುಚಿಹ್ನೆಗಳು, ಮೂರು ಬಗೆಯ ಸ್ವರಾಘಾತಗಳು, ಅಕ್ಷರದ ಕೆಳಗಿನ ಚಿಕ್ಕ ಅಯೋಟಾ ಇರದಿರಬಹುದು. "ಬಹುಸ್ವರಚಿಹ್ನೆ" ಅಥವಾ "ಪಾಲಿಟೋನಿಕ್" ಎಂದು ಸ್ಪಷ್ಟವಾಗಿ ಹೇಳಿರುವ ಫಾಂಟನ್ನೇ ಆರಿಸಬೇಕು.

ಪುಸ್ತಕದ ಒಡಲಿಗೆ ನಾನು ಮೊದಲು ಸೂಚಿಸುವುದು ವಿಕ್ಟರ್ ಗಾಲ್ಟ್ನಿ ರೂಪಿಸಿದ ಜೆಂಟಿಯಂ. ಚಿಕ್ಕ ಗಾತ್ರದಲ್ಲಿಯೂ ಅದರ ಚಿಹ್ನೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅಥೆನ್ಸಿನ ಗ್ರೀಕ್ ಫಾಂಟ್ ಸೊಸೈಟಿ ಹಳೆಯ ಅಚ್ಚುಮೊಳೆಗಳನ್ನು ಗಣಕಕ್ಕೆ ತಂದುಕೊಟ್ಟಿರುವುದು ಅಕ್ಷರಪ್ರೇಮಿಗಳೆಲ್ಲ ಕೃತಜ್ಞತೆಯಿಂದ ನೆನೆಯಬೇಕಾದ ಕೆಲಸ. ಅವರ ಜಿಎಫ್‌ಎಸ್ ಡಿಡೊ ಗ್ರೀಸಿನ ಪುಸ್ತಕಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಶೈಲಿಯದು. ಜಿಎಫ್‌ಎಸ್ ಪೋರ್ಸನ್ ಕೇಂಬ್ರಿಜ್‌ನ ಗ್ರೀಕ್ ವಿದ್ವಾಂಸ ರಿಚರ್ಡ್ ಪೋರ್ಸನ್‌ನ ಕೈಬರಹದಿಂದ ಹುಟ್ಟಿದ್ದು. ಹೊಸ ಒಡಂಬಡಿಕೆಯ ಉಲ್ಲೇಖಗಳಿಗೆ ಎಸ್‌ಬಿಎಲ್ ಗ್ರೀಕ್ ಇದೆ. ಗ್ರೀಕ್, ಹೀಬ್ರೂ, ರೋಮನ್ ಮೂರನ್ನೂ ಒಂದೇ ಕಡೆ ಬಯಸುವವರಿಗೆ ಅದೇ ಸಂಸ್ಥೆಯ ಎಸ್‌ಬಿಎಲ್ ಬಿಬ್‌ಲಿಟ್ ಇದೆ. ಆಕ್ಸಿರಿಂಕಸ್‌ನಂಥ ಪಪೈರಸ್ ಪಾಠಗಳನ್ನು ಉದ್ಧರಿಸುವವರು ಸಂದೇಹವಿರುವ ಅಕ್ಷರದ ಕೆಳಗೆ ಚುಕ್ಕೆ ಇಡಬೇಕು; ಅರ್ಧಚಂದ್ರಾಕಾರದ ಸಿಗ್ಮಾ, ಅರ್ಧ ಆವರಣಗಳಂಥ ವಿಶೇಷ ಚಿಹ್ನೆಗಳೂ ಬೇಕಾಗುತ್ತವೆ. ಅವುಗಳಿಗೆ ನ್ಯೂ ಅಥೀನಾ ಯುನಿಕೋಡ್ ಹೆಚ್ಚು ಸಮರ್ಥವಾದದ್ದು.

ಪರೀಕ್ಷೆಗೆ ಒಮೆಗಾ ಅಕ್ಷರದ ಮೇಲೆ ಗಡಸು ಉಸಿರುಚಿಹ್ನೆ ಮತ್ತು ಬಾಗಿದ ಸ್ವರಾಘಾತ, ಕೆಳಗೆ ಅಯೋಟಾ ಮೂರೂ ಇರುವ ಒಂದಕ್ಷರದ ಸರ್ವನಾಮವನ್ನು ಬರೆದು ನೋಡಿ. ಅನಂತರ ಉಸಿರುಚಿಹ್ನೆಯಿಂದ ಆರಂಭವಾಗುವ ಒಂದು ಅಂಕಿತನಾಮವನ್ನು ದೊಡ್ಡಕ್ಷರದಲ್ಲಿ ಬರೆಯಿರಿ. ಚಿಹ್ನೆಗಳು ದೊಡ್ಡಕ್ಷರದ ಎಡಕ್ಕೆ ನಿಲ್ಲಬೇಕು, ನೆತ್ತಿಯ ಮೇಲೆ ಏರಬಾರದು.

ಉಚಿತವೆಂದರೆ ಎಲ್ಲಕ್ಕೂ ಉಚಿತವೇ?

ಎಸ್‌ಬಿಎಲ್ ಫಾಂಟುಗಳು ವಾಣಿಜ್ಯೇತರ ಬಳಕೆಗೆ ಉಚಿತ. ತರಗತಿಯ ಟಿಪ್ಪಣಿ, ಸಂಶೋಧನಾ ಪ್ರಬಂಧ, ಸ್ವಂತ ಅಭ್ಯಾಸಗಳಿಗೆ ತೊಂದರೆಯಿಲ್ಲ. ಬೆಲೆಯಿಟ್ಟು ಮಾರುವ ಪುಸ್ತಕವಾದರೆ ಪ್ರಕಾಶಕರು ಪರವಾನಗಿಯ ಶರತ್ತುಗಳನ್ನು ಮೊದಲು ಓದಿಕೊಳ್ಳಬೇಕು. ಎಜ್ರಾ ಎಸ್‌ಐಎಲ್, ಜೆಂಟಿಯಂ, ಕಾರ್ಡೊ, ನೋಟೊ, ಗ್ರೀಕ್ ಫಾಂಟ್ ಸೊಸೈಟಿಯ ಫಾಂಟುಗಳು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ ದೊರೆಯುತ್ತವೆ. ಆ ಪರವಾನಗಿಯಂತೆ ಮಾರಾಟದ ಪುಸ್ತಕದಲ್ಲಿ ಮುದ್ರಿಸಬಹುದು, ಪಿಡಿಎಫ್ ಮತ್ತು ಇ-ಪುಸ್ತಕಗಳಲ್ಲಿ ಅಡಕಗೊಳಿಸಬಹುದು, ಜಾಲತಾಣದಲ್ಲಿ ಬಳಸಬಹುದು, ಇತರರಿಗೆ ಹಂಚಬಹುದು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಯಾವ ರೂಪದಲ್ಲಿ ಪ್ರಕಟವಾಗುತ್ತದೆಂದು ಖಚಿತವಾಗಿರದ ಬರಹಕ್ಕೆ ಈ ಎರಡನೆಯ ಗುಂಪಿನ ಫಾಂಟನ್ನೇ ಮೊದಲಿನಿಂದ ಬಳಸುವುದು ಜಾಣತನ.

ಫಾಂಟುಗಳನ್ನು ಅವುಗಳನ್ನು ರೂಪಿಸಿದ ಸಂಸ್ಥೆಗಳ ತಾಣದಿಂದಲೇ ಇಳಿಸಿಕೊಳ್ಳಿ. ವಿಂಡೋಸ್‌ನಲ್ಲಿ ಕಡತದ ಮೇಲೆ ಬಲಗುಂಡಿ ಒತ್ತಿ ಇನ್‌ಸ್ಟಾಲ್ ಆರಿಸಿದರೆ ಸಾಕು. ಮ್ಯಾಕ್‌ನಲ್ಲಿ ಎರಡು ಬಾರಿ ಒತ್ತಿದರೆ ಫಾಂಟ್ ಬುಕ್ ತೆರೆಯುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಇವುಗಳಲ್ಲಿ ಹೆಚ್ಚಿನವು ಪ್ಯಾಕೇಜುಗಳಾಗಿಯೇ ಇವೆ. ತೆರೆದಿದ್ದ ವರ್ಡ್ ಅಥವಾ ಲಿಬ್ರೆಆಫೀಸನ್ನು ಮುಚ್ಚಿ ಮತ್ತೆ ತೆರೆಯಿರಿ.

ಕೀಲಿಮಣೆ

ಗ್ರೀಕಿಗೆ ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ "ಗ್ರೀಕ್ ಪಾಲಿಟೋನಿಕ್" ವಿನ್ಯಾಸ ಮೊದಲೇ ಇರುತ್ತದೆ. ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರೆ ಆಯಿತು. ಅಕ್ಷರಗಳು ಬಹುಪಾಲು ಇಂಗ್ಲಿಷಿನ ಧ್ವನಿಗೆ ಹೊಂದಿಕೊಂಡೇ ಇವೆ. ಹೊಂದದ ಕೆಲವನ್ನು ಮಾತ್ರ ಅಭ್ಯಾಸ ಮಾಡಬೇಕು: ಯು ಕೀಲಿಯಲ್ಲಿ ಥೀಟಾ, ಎಚ್ ಕೀಲಿಯಲ್ಲಿ ಈಟಾ, ಜೆ ಕೀಲಿಯಲ್ಲಿ ಕ್ಸೀ, ಸಿ ಕೀಲಿಯಲ್ಲಿ ಪ್ಸೀ, ವಿ ಕೀಲಿಯಲ್ಲಿ ಒಮೆಗಾ, ಡಬ್ಲ್ಯೂ ಕೀಲಿಯಲ್ಲಿ ಪದದ ಕೊನೆಯ ಸಿಗ್ಮಾ. ಕನ್ನಡದಲ್ಲಿ ವ್ಯಂಜನ ಬರೆದು ಆಮೇಲೆ ಸ್ವರಚಿಹ್ನೆ ಸೇರಿಸಿ ರೂಢಿಯಾದವರಿಗೆ ವಿಂಡೋಸ್‌ನ ಈ ವಿನ್ಯಾಸ ಮೊದಲು ತಿರುಗುಮುರುಗು ಎನಿಸಬಹುದು, ಏಕೆಂದರೆ ಅಲ್ಲಿ ಚಿಹ್ನೆಯ ಕೀಲಿಯನ್ನು ಮೊದಲು ಒತ್ತಿ ಆಮೇಲೆ ಅಕ್ಷರವನ್ನು ಒತ್ತಬೇಕು.

ಹೀಬ್ರೂಗೆ ಇಸ್ರೇಲಿನ ಪ್ರಮಾಣಿತ ವಿನ್ಯಾಸ ಗಣಕದಲ್ಲಿಯೇ ಇದೆ, ಆದರೆ ಅದಕ್ಕೂ ಇಂಗ್ಲಿಷಿನ ಧ್ವನಿಗೂ ಸಂಬಂಧವಿಲ್ಲ. ಟಿ ಕೀಲಿಯಲ್ಲಿ ಆಲೆಫ್, ಸಿ ಕೀಲಿಯಲ್ಲಿ ಬೇತ್, ಎ ಕೀಲಿಯಲ್ಲಿ ಶಿನ್ ಬರುತ್ತವೆ. ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್ ಬೈಬಲ್ ಪಠ್ಯಕ್ಕೆಂದೇ ಎರಡು ವಿನ್ಯಾಸಗಳನ್ನು ಕೊಡುತ್ತದೆ. ಟಿರೊ ವಿನ್ಯಾಸವು ಇಸ್ರೇಲಿನ ಪ್ರಮಾಣವನ್ನು ಅನುಸರಿಸುತ್ತದೆ, ಎಸ್‌ಐಎಲ್ ವಿನ್ಯಾಸವು ಧ್ವನಿಯನ್ನು ಅನುಸರಿಸುತ್ತದೆ. ಲಿನಕ್ಸ್‌ನಲ್ಲಿ ಇವೆರಡೂ ಕೀಲಿಮಣೆಗಳ ಪಟ್ಟಿಯಲ್ಲಿ ಮೊದಲೇ ಇವೆ. ಆಧುನಿಕ ಹೀಬ್ರೂ ಬರೆಯುವ ಉದ್ದೇಶವಿಲ್ಲದ ಕನ್ನಡಿಗರಿಗೆ ಎಸ್‌ಐಎಲ್ ವಿನ್ಯಾಸವೇ ಸೂಕ್ತ. ಇವುಗಳ ಹೊರತಾಗಿ ಕೀಮ್ಯಾನ್ ಎಂಬ ಉಚಿತ ತಂತ್ರಾಂಶವಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಅದು ನಡೆಯುತ್ತದೆ, ಕನ್ನಡ, ಗ್ರೀಕ್, ಹೀಬ್ರೂ ಮೂರರ ಕೀಲಿಮಣೆಗಳೂ ಅದರಲ್ಲಿ ಸಿಗುತ್ತವೆ.

ಹೀಬ್ರೂ ಬೆರಳಚ್ಚಿಸುವಾಗ ಪಾಲಿಸಬೇಕಾದ ಕ್ರಮವೆಂದರೆ ಮೊದಲು ವ್ಯಂಜನ, ಅನಂತರ ಶಿನ್ ಆಗಿದ್ದರೆ ಅದರ ಚುಕ್ಕೆ, ಆಮೇಲೆ ಒಳಚುಕ್ಕೆ, ಆಮೇಲೆ ಸ್ವರ, ಕೊನೆಗೆ ಪಠಣ ಚಿಹ್ನೆ. ಉದ್ದವಾದ ಉದ್ಧರಣೆಗಳನ್ನು ಮಾತ್ರ ಕೈಯಾರೆ ಬೆರಳಚ್ಚಿಸುವ ಸಾಹಸ ಬೇಡ. ಲೆನಿನ್‌ಗ್ರಾಡ್ ಹಸ್ತಪ್ರತಿಯಲ್ಲಿರುವ ಹೀಬ್ರೂ ಬೈಬಲ್ಲಿನ ಪಾಠ, ಹೊಸ ಒಡಂಬಡಿಕೆಯ ಎಸ್‌ಬಿಎಲ್ ಪಾಠ, ಪರ್ಸಿಯಸ್ ಎಂಬ ಅಂತರಜಾಲ ಗ್ರಂಥಾಲಯದ ಗ್ರೀಕ್ ಕೃತಿಗಳು ಯುನಿಕೋಡ್‌ನಲ್ಲಿ ಮುಕ್ತವಾಗಿ ದೊರೆಯುತ್ತವೆ. ಅಲ್ಲಿಂದ ನಕಲು ಮಾಡಿ, "ಪಠ್ಯ ಮಾತ್ರ" ಎಂಬ ಆಯ್ಕೆಯಲ್ಲಿ ಅಂಟಿಸಿ, ಅನಂತರ ನಿಮ್ಮ ಫಾಂಟನ್ನು ಅನ್ವಯಿಸಿ, ಮುದ್ರಿತ ಆವೃತ್ತಿಯೊಂದಿಗೆ ಹೋಲಿಸಿ ನೋಡಿ.

ಕನ್ನಡದ ದಸ್ತಾವೇಜಿನಲ್ಲಿ ಬರುವ ತೊಡಕುಗಳು

ಇಂಗ್ಲಿಷಿನಲ್ಲಿರುವ ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳದ ಸಂಗತಿಯೊಂದು ಕನ್ನಡಿಗರಿಗೆ ಬಹಳ ಮುಖ್ಯ. ವರ್ಡ್ ಮತ್ತು ಲಿಬ್ರೆಆಫೀಸ್‌ಗಳು ಲಿಪಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಬೇರೆ ಫಾಂಟನ್ನೂ ಬೇರೆ ಗಾತ್ರವನ್ನೂ ನೆನಪಿಟ್ಟುಕೊಳ್ಳುತ್ತವೆ. ಗ್ರೀಕ್ ಇಂಗ್ಲಿಷಿನ ಜೊತೆಗೆ ಪಾಶ್ಚಾತ್ಯ ಗುಂಪಿಗೆ ಸೇರುತ್ತದೆ. ಹೀಬ್ರೂ ಮತ್ತು ಕನ್ನಡ ಎರಡೂ "ಸಂಕೀರ್ಣ ಲಿಪಿ"ಗಳ ಒಂದೇ ಗುಂಪಿನಲ್ಲಿವೆ. ಇಂಗ್ಲಿಷ್ ಲೇಖಕನು ಸಂಕೀರ್ಣ ಲಿಪಿಯ ಫಾಂಟಿಗೆ ಎಸ್‌ಬಿಎಲ್ ಹೀಬ್ರೂ ಎಂದು ಒಮ್ಮೆ ಕೊಟ್ಟರೆ ಅವನ ಕೆಲಸ ಮುಗಿಯಿತು. ಕನ್ನಡದ ಲೇಖಕನು ಹಾಗೆ ಮಾಡಿದರೆ ಅವನ ಇಡೀ ಕನ್ನಡ ಪಠ್ಯವೂ ಆ ಫಾಂಟಿಗೆ ಹೋಗುತ್ತದೆ. ಅದರಲ್ಲಿ ಕನ್ನಡ ಅಕ್ಷರಗಳಿಲ್ಲದ ಕಾರಣ ತಂತ್ರಾಂಶವು ತನಗೆ ತೋಚಿದ ಯಾವುದೋ ಕನ್ನಡ ಫಾಂಟನ್ನು ತಂದು ಹಾಕುತ್ತದೆ. ಕನ್ನಡದ ಫಾಂಟನ್ನು ಸರಿಪಡಿಸಲು ಹೊರಟರೆ ಹೀಬ್ರೂ ಕೆಡುತ್ತದೆ.

ಇದಕ್ಕೆ ಅಕ್ಷರ ಶೈಲಿಯೇ ನೆಲೆಯಾದ ಪರಿಹಾರ. ಒಡಲಿನ ಶೈಲಿಯಲ್ಲಿ ಸಂಕೀರ್ಣ ಲಿಪಿಗೆ ನಿಮ್ಮ ಕನ್ನಡ ಫಾಂಟನ್ನೂ ಪಾಶ್ಚಾತ್ಯ ಲಿಪಿಗೆ ಜೆಂಟಿಯಂನಂಥ ಗ್ರೀಕ್ ಇರುವ ಫಾಂಟನ್ನೂ ಕೊಡಿ; ಆಗ ಗ್ರೀಕ್ ತಾನಾಗಿಯೇ ಸರಿಯಾದ ಫಾಂಟಿನಲ್ಲಿ ಮೂಡುತ್ತದೆ. ಅನಂತರ "ಹೀಬ್ರೂ" ಎಂಬ ಹೆಸರಿನ ಒಂದು ಕ್ಯಾರೆಕ್ಟರ್ ಸ್ಟೈಲ್ ರಚಿಸಿ, ಅದರ ಸಂಕೀರ್ಣ ಲಿಪಿಯ ಫಾಂಟನ್ನು ಎಜ್ರಾ ಎಸ್‌ಐಎಲ್ ಅಥವಾ ಎಸ್‌ಬಿಎಲ್ ಹೀಬ್ರೂ ಎಂದೂ ಭಾಷೆಯನ್ನು ಹೀಬ್ರೂ ಎಂದೂ ಗೊತ್ತುಪಡಿಸಿ, ಪ್ರತಿಯೊಂದು ಹೀಬ್ರೂ ಪದಕ್ಕೂ ಆ ಶೈಲಿಯನ್ನು ಅನ್ವಯಿಸಿ. ಮುಂದೆ ಫಾಂಟನ್ನೋ ಗಾತ್ರವನ್ನೋ ಬದಲಿಸಬೇಕೆನಿಸಿದರೆ ಶೈಲಿಯೊಂದನ್ನು ಬದಲಿಸಿದರೆ ಪುಸ್ತಕದ ಉದ್ದಕ್ಕೂ ಬದಲಾಗುತ್ತದೆ. ಲಿಬ್ರೆಆಫೀಸ್‌ನಲ್ಲಿ ಈ ಆಯ್ಕೆಗಳು ಕಾಣಿಸದಿದ್ದರೆ ಟೂಲ್ಸ್, ಆಪ್ಷನ್ಸ್ ಒಳಗಿನ ಭಾಷಾ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದನ್ನು ಚಾಲೂ ಮಾಡಬೇಕು.

ಗಾತ್ರದ ವಿಚಾರದಲ್ಲಿ ಕಣ್ಣನ್ನೇ ನಂಬಬೇಕು. ಕನ್ನಡ 12 ಪಾಯಿಂಟ್ ಇದ್ದರೆ ಹೀಬ್ರೂವನ್ನು 14 ಪಾಯಿಂಟ್‌ನಿಂದ ಆರಂಭಿಸಿ, ಮುದ್ರಿಸಿ ನೋಡಿ ಹೊಂದಿಸಿಕೊಳ್ಳಿ. ಕನ್ನಡದ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಹೀಬ್ರೂವಿನ ಚಿಹ್ನೆಗಳು ಮೇಲೂ ಕೆಳಗೂ ಚಾಚುತ್ತವೆ. ಸಾಲಿನ ಅಂತರವನ್ನು ತಂತ್ರಾಂಶಕ್ಕೆ ಬಿಟ್ಟರೆ ಹೀಬ್ರೂ ಇರುವ ಸಾಲು ಮಾತ್ರ ಅಗಲವಾಗಿ ಪುಟ ಏರುಪೇರಾಗಿ ಕಾಣುತ್ತದೆ. ಆದ್ದರಿಂದ ಎರಡಕ್ಕೂ ಸಾಕಾಗುವಷ್ಟು ಅಂತರವನ್ನು ಪಾಯಿಂಟುಗಳಲ್ಲಿ ನಿಗದಿಪಡಿಸಿಡಿ.

ಇನ್ನು ದಿಕ್ಕಿನ ಪ್ರಶ್ನೆ. ಇಡೀ ಪ್ಯಾರಾ ಹೀಬ್ರೂವಿನದಾದರೆ ಅದನ್ನು ಬಲದಿಂದ ಎಡಕ್ಕೆ ತಿರುಗಿಸಿ. ವರ್ಡ್‌ನಲ್ಲಿ ಬಲಗಡೆಯ ಕಂಟ್ರೋಲ್ ಮತ್ತು ಶಿಫ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಾಗಾಗುತ್ತದೆ, ಎಡಗಡೆಯವನ್ನು ಒತ್ತಿದರೆ ಮತ್ತೆ ಮೊದಲಿನಂತಾಗುತ್ತದೆ. ಕನ್ನಡ ವಾಕ್ಯದ ನಡುವಿನ ಒಂದೆರಡು ಹೀಬ್ರೂ ಪದಗಳಿಗೆ ಏನೂ ಮಾಡಬೇಕಾಗಿಲ್ಲ. ಅವು ತಾವಾಗಿಯೇ ಬಲದಿಂದ ಎಡಕ್ಕೆ ಹರಿಯುತ್ತವೆ.

ತೊಂದರೆ ಬರುವುದು ಎರಡು ಕಡೆ. ಮೊದಲನೆಯದು, ಅಲ್ಪವಿರಾಮ ಹಾಕಿ ಹಲವು ಹೀಬ್ರೂ ಪದಗಳನ್ನು ಒಂದರ ಮುಂದೊಂದು ಬರೆದಾಗ. ನಡುವಿನ ಅಲ್ಪವಿರಾಮವನ್ನೂ ಹೀಬ್ರೂವಿನ ಭಾಗವೆಂದೇ ಗಣಕ ತಿಳಿಯುವುದರಿಂದ ಮೊದಲ ಪದ ಬಲತುದಿಗೂ ಕೊನೆಯ ಪದ ಎಡತುದಿಗೂ ಹೋಗುತ್ತದೆ, ಕನ್ನಡ ಓದುತ್ತ ಬಂದವರಿಗೆ ಕ್ರಮ ತಲೆಕೆಳಗಾಗುತ್ತದೆ. ಎರಡನೆಯದು, ಹೀಬ್ರೂ ಪದದ ಬೆನ್ನಿಗೇ ಅಧ್ಯಾಯ ಮತ್ತು ವಚನದ ಸಂಖ್ಯೆ ಬಂದಾಗ. ಆ ಸಂಖ್ಯೆ ಪದದ ಬಲಕ್ಕೆ ನಿಲ್ಲದೆ ಎಡಕ್ಕೆ ಜಿಗಿಯುತ್ತದೆ. ಎರಡಕ್ಕೂ ಮದ್ದು ಒಂದೇ: ಅಲ್ಪವಿರಾಮದ ಅಥವಾ ಪದದ ನಂತರ "ಎಡದಿಂದ ಬಲಕ್ಕೆ" ಎಂಬ ಅದೃಶ್ಯ ಗುರುತನ್ನು ಸೇರಿಸಬೇಕು. ಲಿಬ್ರೆಆಫೀಸ್‌ನಲ್ಲಿ ಇನ್‌ಸರ್ಟ್ ಪಟ್ಟಿಯ ಫಾರ್ಮ್ಯಾಟಿಂಗ್ ಮಾರ್ಕ್ ಒಳಗೆ ಅದು ಸಿಗುತ್ತದೆ. ವರ್ಡ್‌ನಲ್ಲಿ 200 ಎಂಬ ಅಂಕಿಗಳ ಬಲಕ್ಕೆ ಇಂಗ್ಲಿಷಿನ ಇ ಅಕ್ಷರ ಬರೆದು (200E) ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಮೂಡುತ್ತದೆ. ಕನ್ನಡ ಅಂಕಿಗಳನ್ನು ಬಳಸುವವರಿಗೆ ಸಂಖ್ಯೆಯ ಈ ತೊಂದರೆ ಬರುವುದೇ ಇಲ್ಲ. ಯುನಿಕೋಡ್ ನಿಯಮಗಳಲ್ಲಿ ಕನ್ನಡ ಅಂಕಿಗಳಿಗೆ ಕನ್ನಡ ಅಕ್ಷರಗಳಂತೆಯೇ ಎಡದಿಂದ ಬಲದ ದಿಕ್ಕು ಗಟ್ಟಿಯಾಗಿ ನಿಗದಿಯಾಗಿದೆ. ಇಂಗ್ಲಿಷ್ ಅಂಕಿಗಳಿಗೆ ಹಾಗಿಲ್ಲ, ಅವು ನೆರೆಯ ಅಕ್ಷರಗಳನ್ನು ಅನುಸರಿಸುತ್ತವೆ. ಹೀಬ್ರೂ ಹೆಚ್ಚಾಗಿರುವ ವ್ಯಾಖ್ಯಾನ ಗ್ರಂಥಗಳಲ್ಲಿ ಕನ್ನಡ ಅಂಕಿಗಳನ್ನೇ ಬಳಸಲು ಇದು ಒಳ್ಳೆಯ ಕಾರಣ.

ಕಾಣುವುದು ಒಂದೇ, ಒಳಗಿರುವುದು ಬೇರೆ

ಗ್ರೀಕಿನ ಆಲ್ಫಾದ ಮೇಲಿನ ಏರುಸ್ವರಕ್ಕೆ ಯುನಿಕೋಡ್‌ನಲ್ಲಿ ಎರಡು ಸಂಕೇತಗಳಿವೆ, ಒಂದು ಆಧುನಿಕ ಗ್ರೀಕಿನ ವಿಭಾಗದಲ್ಲಿ, ಇನ್ನೊಂದು ಪ್ರಾಚೀನ ಗ್ರೀಕಿನ ವಿಭಾಗದಲ್ಲಿ. ಯುನಿಕೋಡ್ ಇವೆರಡನ್ನೂ ಸಮಾನವೆಂದು ಹೇಳಿ ಮೊದಲನೆಯದನ್ನೇ ಪ್ರಮಾಣವಾಗಿ ಇಟ್ಟುಕೊಂಡಿದೆ, ಆದರೂ ಕೆಲವು ಕೀಲಿಮಣೆಗಳು ಎರಡನೆಯದನ್ನು ಕೊಡುತ್ತವೆ. ಪರಿಣಾಮವಾಗಿ ಕಣ್ಣೆದುರಿಗೇ ಇರುವ ಪದವನ್ನು ತಂತ್ರಾಂಶದ ಹುಡುಕುವಿಕೆ ಕಾಣದೆ ಹೋಗಬಹುದು, ಪದಸೂಚಿಯಲ್ಲಿ ಒಂದೇ ಪದ ಎರಡು ಬಾರಿ ಬರಬಹುದು. ದೊಡ್ಡ ಕೆಲಸವಾದರೆ ಪಠ್ಯವನ್ನೆಲ್ಲ ಒಮ್ಮೆ ಯುನಿಕೋಡ್‌ನ ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ತಂದುಕೊಳ್ಳಿ. ಗ್ರೀಕಿನ ಒಮಿಕ್ರಾನ್ ಇದ್ದ ಕಡೆ ಅವಸರದಲ್ಲಿ ಇಂಗ್ಲಿಷಿನ ಓ ಬರೆಯುವುದೂ ಇದೇ ಬಗೆಯ ಕೇಡು. ಕರಡು ತಿದ್ದುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಹೀಬ್ರೂವಿನಲ್ಲಿ ಅದೇ ಪ್ರಮಾಣೀಕರಣ ಇನ್ನೊಂದು ಬಗೆಯಲ್ಲಿ ತೊಡಕಾಗುತ್ತದೆ. ಅದು ಒಂದೇ ಅಕ್ಷರದ ಮೇಲಿನ ಚಿಹ್ನೆಗಳನ್ನು ತನ್ನದೇ ಕ್ರಮದಲ್ಲಿ ಮರುಜೋಡಿಸುತ್ತದೆ. ಒಳ್ಳೆಯ ಫಾಂಟುಗಳು ಇದನ್ನು ಬಹುಮಟ್ಟಿಗೆ ಸರಿದೂಗಿಸುತ್ತವೆ, ಆದರೆ ಮೊದಲು ಹೇಳಿದ ಯೆರೂಸಲೇಮಿನ ಹೆಸರಿನಲ್ಲಿ ಲಾಮೆದ್ ಕೆಳಗಿನ ಎರಡು ಸ್ವರಗಳು ಅದಲುಬದಲಾಗುತ್ತವೆ. ಅವೆರಡರ ನಡುವೆ ಸಿಜಿಜೆ ಎಂಬ ಅದೃಶ್ಯ ಸಂಕೇತವನ್ನು ಇಟ್ಟರೆ ಕ್ರಮ ಕದಲುವುದಿಲ್ಲ. ವರ್ಡ್‌ನಲ್ಲಿ 034 ಅಂಕಿಗಳ ಬಲಕ್ಕೆ ಇಂಗ್ಲಿಷಿನ ಎಫ್ ಬರೆದು (034F) ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಅದು ಬರುತ್ತದೆ.

ಅಚ್ಚಿಗೆ ಕಳುಹಿಸುವಾಗ

ಕನ್ನಡದ ಡಿಟಿಪಿ ಕೇಂದ್ರಗಳಲ್ಲಿ ಪೇಜ್‌ಮೇಕರ್ ಬಳಕೆ ಇನ್ನೂ ಪೂರ್ತಿ ನಿಂತಿಲ್ಲ. ಅದು ಯುನಿಕೋಡ್ ಅರಿಯದ ತಂತ್ರಾಂಶವಾದ್ದರಿಂದ ಇಲ್ಲಿ ಹೇಳಿದ ಯಾವ ಫಾಂಟೂ ಅದರಲ್ಲಿ ನೆಟ್ಟಗೆ ನಡೆಯುವುದಿಲ್ಲ. ಪದಗಳನ್ನು ಚಿತ್ರಗಳಾಗಿ ಅಂಟಿಸುವ ಸಲಹೆ ಬಂದರೆ ಒಪ್ಪಬೇಡಿ, ಏಕೆಂದರೆ ತಿದ್ದುಪಡಿಯ ಹಂತದಲ್ಲಿ ಅವುಗಳನ್ನು ಮುಟ್ಟಲಾಗುವುದಿಲ್ಲ. ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನು ಚಾಲೂ ಮಾಡಬೇಕು. ಕನ್ನಡದ ಒತ್ತಕ್ಷರಗಳಿಗೂ ಹೀಬ್ರೂವಿನ ದಿಕ್ಕಿಗೂ ಅದು ಅಗತ್ಯ. ಉಚಿತವಾದ ಸ್ಕ್ರೈಬಸ್‌ನ ಹೊಸ ಆವೃತ್ತಿಗಳೂ ಈ ಲಿಪಿಗಳನ್ನು ನಿಭಾಯಿಸುತ್ತವೆ. ಲೇಟೆಕ್ ಬಲ್ಲವರಿಗೆ ಝೀಲೇಟೆಕ್ ಅಥವಾ ಲುವಾಲೇಟೆಕ್ ಜೊತೆಗೆ ಪಾಲಿಗ್ಲಾಸಿಯಾ ಪ್ಯಾಕೇಜು ಅತ್ಯಂತ ನಿಖರವಾದ ದಾರಿ.

ಹಸ್ತಪ್ರತಿಯ ಜೊತೆಗೆ ಫಾಂಟ್ ಕಡತಗಳನ್ನೂ ಅವುಗಳ ಪರವಾನಗಿ ಪತ್ರವನ್ನೂ ಒಂದೇ ಕಡತಕೋಶದಲ್ಲಿ ಕಳುಹಿಸಿ, ಮತ್ತು ಎಲ್ಲ ಹೀಬ್ರೂ, ಗ್ರೀಕ್ ಪದಗಳು ನಿಮ್ಮಲ್ಲಿ ಸರಿಯಾಗಿ ಮೂಡಿರುವ ಒಂದು ಪಿಡಿಎಫ್ ಅನ್ನು ಹೋಲಿಕೆಗಾಗಿ ಸೇರಿಸಿ. ಅಚ್ಚುಕೂಟದಿಂದ ಕರಡು ಬಂದಾಗ ಮೊದಲು ಪಿಡಿಎಫ್ ಓದುವ ತಂತ್ರಾಂಶದ ಪ್ರಾಪರ್ಟೀಸ್‌ನಲ್ಲಿ ಫಾಂಟುಗಳ ಪಟ್ಟಿಯನ್ನು ತೆರೆದು, ಪ್ರತಿಯೊಂದರ ಮುಂದೆಯೂ "ಎಂಬೆಡೆಡ್" ಎಂದಿರುವುದನ್ನು ಖಚಿತಪಡಿಸಿಕೊಳ್ಳಿ. ನೀವು ಕೊಡದ ಯಾವುದೋ ಹೀಬ್ರೂ ಫಾಂಟಿನ ಹೆಸರು ಆ ಪಟ್ಟಿಯಲ್ಲಿದ್ದರೆ ಎಲ್ಲೋ ಒಂದು ಪದಕ್ಕೆ ಶೈಲಿ ತಪ್ಪಿದೆ ಎಂದರ್ಥ. ಅನಂತರ ಹೀಬ್ರೂ ಪದವೊಂದು ಸಾಲಿನ ಕೊನೆಯಲ್ಲಿ ಮುರಿದಿರುವ ಕಡೆಗಳನ್ನೆಲ್ಲ ಹುಡುಕಿ ನೋಡಿ. ಎರಡು ಮೂರು ಪದಗಳ ನುಡಿಗಟ್ಟು ಎರಡು ಸಾಲುಗಳಿಗೆ ಹರಿದಾಗ ಅದರ ಮೊದಲ ಪದಗಳು ಮೇಲಿನ ಸಾಲಿನಲ್ಲಿಯೇ ಇರಬೇಕು. ಕೆಳಗಿನ ಸಾಲಿಗೆ ಇಳಿದಿದ್ದರೆ ಆ ಪುಟವನ್ನು ತಿದ್ದಲು ಹಿಂದಕ್ಕೆ ಕಳುಹಿಸಿ.